ಮಗುವಿನ ಮಾಲೀಶು: ತಾಯಿಯ ಕೈಯೇ ಸಾಕು

ಬೆಳಿಗ್ಗೆ ಹತ್ತು ಗಂಟೆ. ಕುಕ್ ಟೌನ್‌ನ ಫ್ಲ್ಯಾಟೊಂದರ ಎರಡನೇ ಮಹಡಿ. ಬೆಂಗಳೂರು ಈಸ್ಟ್ ನಿಲ್ದಾಣದ ಕಡೆಯಿಂದ ರೈಲಿನ ಸದ್ದು ಕೇಳಿಸುತ್ತಿದೆ. ಮಗುವಿಗೆ ಇಪ್ಪತ್ತೈದು ದಿನ. ಸ್ನಾನ ಮಾಡಿಸಲು ಬರುವ ಹೆಂಗಸು ಮಣೆಯ ಮೇಲೆ ಕುಳಿತು ಕಾಲು ನೀಡಿ, ಮಗುವನ್ನು ಬೋರಲು ಮಲಗಿಸಿಕೊಂಡು ಎಣ್ಣೆ ಹಚ್ಚಿ ತೀಡುತ್ತಿದ್ದಾಳೆ. ಕೈಯನ್ನು ಹಿಂದಕ್ಕೆಳೆದು ಕಾಲಿಗೆ ತಾಗಿಸುತ್ತಾಳೆ. ಮೂಗಿಗೆ ಎರಡು ಹನಿ, ಕಿವಿಗೆ ಎರಡು ಹನಿ ಎಣ್ಣೆ ಬಿಡುತ್ತಾಳೆ. ಮಗು ಉಸಿರು ಕಟ್ಟಿ ಕಿರುಚುತ್ತದೆ. “ಅಳಲಿ ಬಿಡು, ಅತ್ತರೆ ಎದೆ ಗಟ್ಟಿಯಾಗುತ್ತದೆ” ಎನ್ನುತ್ತಾರೆ ಅತ್ತೆ. ಬಾಗಿಲ ಬಳಿ ನಿಂತ ಬಾಣಂತಿ ತಾಯಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಅವಳ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ನನ್ನ ಮಗುವಿಗೆ ಈ ಅಳು ಬೇಕೇ?

ಸಹೋದರಿಯರೇ, ಆ ತಾಯಿ ನೀವೂ ಆಗಿರಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮಾಲೀಶು ಬೇಕು, ಅದರಲ್ಲಿ ಒಳಿತಿದೆ. ಆದರೆ ಆ ಅಳು ಬೇಡ. ಮಗುವಿಗೆ ಒಳಿತಾಗುವುದು ಮೃದುವಾದ ಸ್ಪರ್ಶದಿಂದಲೇ ಹೊರತು ಎಳೆತ, ತಿರುಚಾಟಗಳಿಂದಲ್ಲ. ಆ ಮೃದು ಸ್ಪರ್ಶ ನೀಡಲು ತಾಯಿಗಿಂತ ಅರ್ಹರಾದವರು ಬೇರಾರೂ ಇಲ್ಲ.

ಹೆರಿಗೆ ಆಸ್ಪತ್ರೆಗೆ ಹೋಯಿತು, ಮಾಲೀಶು ಮನೆಯಲ್ಲೇ ಉಳಿಯಿತು

ನಮ್ಮ ಕಂಟೋನ್ಮೆಂಟಿನ ಅಜ್ಜಿಯಂದಿರ ಕಾಲದಲ್ಲಿ ಹೆರಿಗೆ, ಬಾಣಂತನ, ಮಗುವಿನ ಸ್ನಾನ ಎಲ್ಲವೂ ದಾಯಿಯ ಕೈಯಲ್ಲಿತ್ತು. ಪರದೆ ಪಾಲಿಸುವ ಸ್ತ್ರೀಯರು ಹಿಂಜರಿಕೆಯಿಲ್ಲದೆ ಚಿಕಿತ್ಸೆ ಪಡೆಯಲೆಂದು ಉದಾರ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್‌ರ ಕೊಡುಗೆಯಿಂದ ಶಿವಾಜಿನಗರದಲ್ಲಿ ಗೋಶಾ ಆಸ್ಪತ್ರೆ ತಲೆಯೆತ್ತಿತು. ಗೋಶಾ ಎಂದರೆ ಪರದೆ ಎಂದೇ ಅರ್ಥ. ಹೀಗೆ ಹೆರಿಗೆ ನಿಧಾನವಾಗಿ ಮನೆಯಿಂದ ಆಸ್ಪತ್ರೆಗೆ ಬಂತು. ಅದರಿಂದ ಎಷ್ಟೋ ತಾಯಂದಿರ, ಮಕ್ಕಳ ಜೀವ ಉಳಿಯಿತು. ಆದರೆ ಚಿಲ್ಲಾದ ನಲವತ್ತು ದಿನಗಳ ಎಣ್ಣೆ ನೀರು ಮಾತ್ರ ಹಳೆಯ ಕ್ರಮದಲ್ಲೇ ಉಳಿದುಕೊಂಡಿತು. ಆ ಕ್ರಮದಲ್ಲಿ ಬಹಳ ಒಳ್ಳೆಯದೂ ಇದೆ, ಬಿಡಬೇಕಾದದ್ದೂ ಇದೆ. ಎರಡನ್ನೂ ಬೇರ್ಪಡಿಸುವುದು ಇಂದಿನ ತಾಯಂದಿರ ಜವಾಬ್ದಾರಿ.

ಸ್ಪರ್ಶದ ಶಕ್ತಿ

ನಮ್ಮ ಮನೆಗಳಲ್ಲಿ ಮಾಮೂಲಿಯಾಗಿರುವ ಈ ಪದ್ಧತಿಯನ್ನು ಪಶ್ಚಿಮದ ಜನ ನಮ್ಮಿಂದಲೇ ಕಲಿತರು. ಫ್ರಾನ್ಸಿನ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೋಯೆ ಕಲ್ಕತ್ತಾದಲ್ಲಿ ಶಾಂತಲಾ ಎಂಬ ಬಡ ತಾಯಿ ತನ್ನ ಮಗುವಿಗೆ ಎಣ್ಣೆ ತೀಡುವುದನ್ನು ಕಂಡು ಬೆರಗಾದರು. 1976ರಲ್ಲಿ ಅವರು ಅದರ ಬಗ್ಗೆ ಬರೆದ ಪುಸ್ತಕಕ್ಕೆ ಆ ತಾಯಿಯ ಹೆಸರನ್ನೇ ಇಟ್ಟರು.

1986ರಲ್ಲಿ ಅಮೆರಿಕದ ಟಿಫಾನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ 40 ಶಿಶುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವುಗಳಲ್ಲಿ ಅರ್ಧದಷ್ಟು ಶಿಶುಗಳಿಗೆ ಹತ್ತು ದಿನಗಳ ಕಾಲ ದಿನಕ್ಕೆ ಮೂರು ಬಾರಿ, ಪ್ರತಿ ಸಲ 15 ನಿಮಿಷ ಮೈ ಸವರಿ ಕೈಕಾಲು ಆಡಿಸಲಾಯಿತು. ಉಳಿದ ಶಿಶುಗಳಷ್ಟೇ ಹಾಲು ಕುಡಿದರೂ ಇವು ದಿನಕ್ಕೆ ಶೇಕಡಾ 47ರಷ್ಟು ಹೆಚ್ಚು ತೂಕ ಪಡೆದವು, ಆರು ದಿನ ಮೊದಲೇ ಮನೆಗೆ ಹೋದವು. ನಮ್ಮ ದೇಶದ 125 ಆರೋಗ್ಯವಂತ ಶಿಶುಗಳ ಮೇಲೆ ನಡೆದ ಇನ್ನೊಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆರು ವಾರದ ಆ ಮಕ್ಕಳಿಗೆ ನಾಲ್ಕು ವಾರ ಎಣ್ಣೆಯ ಮಾಲೀಶು ಮಾಡಿದಾಗ ಬೆಳವಣಿಗೆಯೂ ನಿದ್ದೆಯೂ ಉತ್ತಮಗೊಂಡವು. ಅವುಗಳಲ್ಲಿ ಎಳ್ಳೆಣ್ಣೆ ಹಚ್ಚಿಸಿಕೊಂಡ ಮಕ್ಕಳ ಫಲಿತಾಂಶ ಚೆನ್ನಾಗಿತ್ತು.

ಲಾಭ ಮಗುವಿಗೆ ಮಾತ್ರವಲ್ಲ. ಹೆರಿಗೆಯ ನಂತರ ಖಿನ್ನತೆಗೊಳಗಾದ ತಾಯಂದಿರಿಗೆ ಲಂಡನ್ನಿನಲ್ಲಿ ಮಗುವಿನ ಮಾಲೀಶು ಕಲಿಸಿ ನೋಡಲಾಯಿತು. ಕಲಿತ ತಾಯಂದಿರು ತಮ್ಮ ಮಗುವಿನೊಂದಿಗೆ ಹೆಚ್ಚು ಒಡನಾಡತೊಡಗಿದರೆಂದು 2001ರಲ್ಲಿ ವರದಿಯಾಯಿತು.

ಹಾಗೆಂದು ಇಲ್ಲದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಾಲೀಶಿನಿಂದ ಮಗು ಬೆಳ್ಳಗಾಗುವುದಿಲ್ಲ, ಮೂಗು ನೀಳವಾಗುವುದಿಲ್ಲ, ತಲೆಯ ಆಕಾರ ತಿದ್ದುವುದಿಲ್ಲ. ಎಣ್ಣೆ ಹಚ್ಚದ ಮಗುವೂ ಕಾಲ ಬಂದಾಗ ನಡೆಯುತ್ತದೆ. ಎಲುಬು ಗಟ್ಟಿಯಾಗಲು ಬೇಕಾದದ್ದು ವಿಟಮಿನ್ ಡಿ. ಮಕ್ಕಳ ವೈದ್ಯರು ಮೊದಲ ವರ್ಷ ದಿನಕ್ಕೆ 400 ಐ.ಯು. ಹನಿ ಬರೆದುಕೊಡುವುದು ಇದಕ್ಕಾಗಿಯೇ. ಎಣ್ಣೆ ಅದಕ್ಕೆ ಬದಲಿಯಲ್ಲ.

ನೋಯಿಸುವುದು ಚಿಕಿತ್ಸೆಯಲ್ಲ

ಬುಖಾರಿಯಲ್ಲಿ ವರದಿಯಾಗಿರುವ ಒಂದು ಘಟನೆಯನ್ನು ಪ್ರತಿಯೊಬ್ಬ ತಾಯಿ ತಿಳಿದಿರಬೇಕು. ಉಮ್ಮು ಕೈಸ್(ರ) ಎಂಬ ಸಹಾಬಿ ಮಹಿಳೆ ಗಂಟಲು ನೋವಿನ ತಮ್ಮ ಮಗನನ್ನು ಪ್ರವಾದಿ(ಸ)ಯವರ ಬಳಿಗೆ ಕರೆತಂದರು. ಅಂದಿನ ರೂಢಿಯಂತೆ ಅವರು ಬೆರಳಿನಿಂದ ಮಗುವಿನ ಗಂಟಲು ಒತ್ತಿದ್ದರು. ಮಕ್ಕಳನ್ನು ಹೀಗೇಕೆ ಹಿಂಸಿಸುತ್ತೀರಿ ಎಂದು ಪ್ರವಾದಿ(ಸ) ಕೇಳಿದರು ಮತ್ತು ಅದರ ಬದಲಿಗೆ ಬೇರೆ ಔಷಧಿಯನ್ನು ಸೂಚಿಸಿದರು.

ಯೋಚಿಸಿ ನೋಡಿ. ಆ ತಾಯಿಯ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ತಲೆಮಾರುಗಳಿಂದ ಬಂದದ್ದನ್ನೇ ಅವರು ಮಾಡಿದ್ದರು. ಆದರೂ ಮಗುವಿಗೆ ನೋವು ಕೊಡುವ ರೂಢಿಯನ್ನು ರೂಢಿ ಎಂಬ ಕಾರಣಕ್ಕೆ ಪ್ರವಾದಿ(ಸ) ಒಪ್ಪಲಿಲ್ಲ. ಇಂದಿಗೂ ಕಾಗೆನಾಲಿಗೆ ಬಿದ್ದಿದೆಯೆಂದು ಬೆರಳು ಹಾಕಿ ಮಗುವಿನ ಗಂಟಲು ಎತ್ತುವವರಿದ್ದಾರೆ! ಇಂತಹ ಕೆಲವು ರೂಢಿಗಳನ್ನು ನಾವು ಇಂದೇ ಕೈಬಿಡಬೇಕು.

ಮೂಗು, ಬಾಯಿ, ಕಿವಿಗೆ ಎಣ್ಣೆ: ಇದು ಎಲ್ಲಕ್ಕಿಂತ ಅಪಾಯಕಾರಿ. ನೀರು ಶ್ವಾಸನಾಳಕ್ಕೆ ಹೋದರೆ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಎಣ್ಣೆ ಕೆಮ್ಮು ಬರಿಸದೆಯೇ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಲ್ಲದು. ಅಲ್ಲಿಂದ ಅದು ಸುಲಭವಾಗಿ ಹೊರಬರುವುದಿಲ್ಲ. ದಿನವೂ ಹೀಗೆ ಇಳಿದ ಎಣ್ಣೆಯಿಂದ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ.

ಎದೆ ಹಿಂಡುವುದು: ತಾಯಿಯ ಹಾರ್ಮೋನುಗಳ ಪ್ರಭಾವದಿಂದ ನವಜಾತ ಶಿಶುವಿನ ಎದೆ ಕೊಂಚ ಊದಿಕೊಂಡು ಹಾಲಿನಂಥ ದ್ರವ ಬರುವುದುಂಟು. ಗಂಡಾಗಲಿ ಹೆಣ್ಣಾಗಲಿ, ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಹಿಂಡಿದರೆ ಸೋಂಕಾಗಿ ಕೀವು ತುಂಬುತ್ತದೆ.

ಕಾಲು ಹಿಡಿದು ತಲೆಕೆಳಗಾಗಿ ತೂಗಿಸುವುದು, ಕುಲುಕುವುದು, ಕೈಕಾಲು ಜಗ್ಗುವುದು: ಎಳೆಯ ಕೀಲು, ಕುತ್ತಿಗೆ ಮತ್ತು ಮೆದುಳು ಇದನ್ನು ತಾಳಲಾರವು.

ನೆತ್ತಿಯನ್ನು ಒತ್ತುವುದು, ಹೊಕ್ಕುಳಿಗೆ ಎಣ್ಣೆ: ನೆತ್ತಿಯ ಮೇಲೆ ಎಲುಬು ಇನ್ನೂ ಕೂಡಿರುವುದಿಲ್ಲ, ಅಲ್ಲಿ ಒತ್ತಬಾರದು. ಹೊಕ್ಕುಳಬಳ್ಳಿ ಉದುರಿ ಒಣಗುವ ತನಕ ಅಲ್ಲಿಗೆ ಏನನ್ನೂ ಹಚ್ಚಬಾರದು.

ಕಡಲೆಹಿಟ್ಟಿನಿಂದ ಉಜ್ಜುವುದು, ಲೋಬಾನದ ಹೊಗೆ, ಸುರ್ಮಾ: ಮಗುವಿನ ಮೈಯ ನವಿರಾದ ಕೂದಲು ತಾನಾಗಿ ಉದುರುತ್ತದೆ, ಅದಕ್ಕಾಗಿ ಚರ್ಮ ಕೆರೆಯಬೇಕಿಲ್ಲ. ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಡುಕು. ಹಲವು ಸುರ್ಮಾಗಳಲ್ಲಿ ಸೀಸ ಇರುವುದರಿಂದ ಮಗುವಿನ ಕಣ್ಣಿಗೆ ಅದು ಬೇಡ.

ಯಾವ ಎಣ್ಣೆ?

ನಮ್ಮ ಊರಿನ ಹವೆಗೆ ಶುದ್ಧವಾದ, ಪರಿಮಳ ಬೆರೆಸದ ಕೊಬ್ಬರಿ ಎಣ್ಣೆ ಒಳ್ಳೆಯದು. ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳೂ ಆಗುತ್ತವೆ. ಢಾಕಾದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಮೃದುವಾಗಿ ಲೇಪಿಸಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇಕಡಾ 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸಾಸಿವೆ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ಅದು ಬೇಡ.

ಜೈತೂನ್ ಎಣ್ಣೆ ಬರಕತ್ತಿನದೆಂದು ಅನೇಕರು ಮಗುವಿಗೂ ಹಚ್ಚುತ್ತಾರೆ. ಬರಕತ್ತಿನ ಬಗ್ಗೆ ಸಂಶಯವಿಲ್ಲ. ನೀವು ಅದನ್ನು ಆಹಾರದಲ್ಲಿ ಬಳಸಿ. ಆದರೆ ಎಳೆ ಶಿಶುವಿನ ಚರ್ಮದ ಮಾತು ಬೇರೆ. ಆ ಎಣ್ಣೆಯಲ್ಲಿ ಓಲಿಕ್ ಆಮ್ಲ ಹೆಚ್ಚು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ದೊಡ್ಡವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಚರ್ಮದ ರಕ್ಷಣಾ ಪದರವನ್ನು ದುರ್ಬಲಗೊಳಿಸಿದ್ದು ಕಂಡುಬಂತು. ಒಣ ಚರ್ಮದ ಅಥವಾ ಕಜ್ಜಿಯಿರುವ ಮಗುವಿಗಂತೂ ಅದನ್ನು ಹಚ್ಚಬೇಡಿ. ಯಾವ ಎಣ್ಣೆಯಾದರೂ ಮೊದಲು ಮಗುವಿನ ತೋಳಿಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ. ಕೆಂಪಾಗದಿದ್ದರೆ ಮುಂದುವರಿಸಿ.

ನೀವೇ ಮಾಡುವ ಕ್ರಮ

ಹಾಲು ಕುಡಿದು ಮುಕ್ಕಾಲು ಗಂಟೆಯಾದರೂ ಕಳೆದಿರಲಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಮುಂಜಾನೆ 15-16 ಡಿಗ್ರಿಗೆ ಇಳಿಯುವುದರಿಂದ ಬಿಸಿಲು ಏರಿದ ಬಳಿಕ ಶುರು ಮಾಡಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಉಂಗುರ, ಬಳೆ ತೆಗೆದಿಡಿ, ಉಗುರು ಕತ್ತರಿಸಿರಲಿ. ಮಂಚದ ಮೇಲೆ ಬೇಡ, ನೆಲದ ಮೇಲೆ ದಪ್ಪ ಚಾದರ ಹಾಸಿ ಮಗುವನ್ನು ಮಲಗಿಸಿ. ಬಿಸ್ಮಿಲ್ಲಾಹ್ ಹೇಳಿ ಎಣ್ಣೆಯನ್ನು ನಿಮ್ಮ ಅಂಗೈಗಳಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಮೊದಲು ಕಾಲು. ತೊಡೆಯಿಂದ ಪಾದದ ಕಡೆಗೆ ನಿಧಾನವಾಗಿ ಸವರಿ, ಅಂಗಾಲನ್ನು ಹೆಬ್ಬೆರಳಿನಿಂದ ತೀಡಿ. ಬಳಿಕ ಹೊಟ್ಟೆ. ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಅಂಗೈ ಆಡಿಸಿ. ಕರುಳು ಸಾಗುವ ದಿಕ್ಕು ಅದೇ ಆದ್ದರಿಂದ ಗ್ಯಾಸಿನಿಂದ ಕಿರಿಕಿರಿಗೊಳ್ಳುವ ಮಗುವಿಗೆ ಆರಾಮವೆನಿಸುತ್ತದೆ. ನಂತರ ಎದೆಯ ನಡುವಿನಿಂದ ಭುಜಗಳ ಕಡೆಗೆ, ಭುಜದಿಂದ ಬೆರಳುಗಳ ಕಡೆಗೆ. ಕೊನೆಯಲ್ಲಿ ಬೋರಲು ಮಲಗಿಸಿ ಬೆನ್ನು. ಬೆನ್ನೆಲುಬಿನ ಮೇಲೆ ಒತ್ತದೆ ಎರಡೂ ಪಕ್ಕದಲ್ಲಿ ಸವರಿ. ಒಟ್ಟು ಹತ್ತು ಹದಿನೈದು ನಿಮಿಷ ಸಾಕು. ಎಣ್ಣೆ ಹಚ್ಚಿದ ಮಗು ಜಾರುತ್ತದೆ, ಎತ್ತುವಾಗ ಜೋಪಾನ.

ಎಷ್ಟು ಒತ್ತಬೇಕು? ನಿಮ್ಮ ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಬೆರಳಿಡಿ. ನೋವಾಗದೆ ಎಷ್ಟು ಒತ್ತಬಹುದೋ ಅಷ್ಟೇ. ಮಗುವಿನ ಮುಖ ನೋಡುತ್ತಾ ಇರಿ. ಅದು ನಿಮ್ಮನ್ನೇ ನೋಡುತ್ತಿದ್ದರೆ, ಕೈಕಾಲು ಸಡಿಲಬಿಟ್ಟಿದ್ದರೆ ಮುಂದುವರಿಸಿ. ಮುಖ ತಿರುಗಿಸಿದರೆ, ಮೈ ಬಿಗಿ ಹಿಡಿದರೆ, ಅತ್ತರೆ ನಿಲ್ಲಿಸಿ ಎತ್ತಿಕೊಳ್ಳಿ. ಮಗುವಿನ ಭಾಷೆ ಇದೇ ತಾನೆ?

ಜ್ವರ, ಚರ್ಮದ ಮೇಲೆ ಗುಳ್ಳೆ ಇದ್ದಾಗ ಮಾಲೀಶು ಬೇಡ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ತೊಡೆಗೆ ಲಸಿಕೆ ಹಾಕಿಸಿದಾಗ ಆ ಜಾಗವನ್ನು ತೀಡಬಾರದು. ಎಡತೋಳಿನ ಬಿ.ಸಿ.ಜಿ. ಗುಳ್ಳೆಗೂ ಎಣ್ಣೆ ಸೋಕಿಸಬೇಡಿ.

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದ ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ವೈದ್ಯರನ್ನು ಕೇಳದೆ ಮಾಲೀಶು, ಸ್ನಾನ ಮಾಡಿಸಬೇಡಿ. ಮೇಲೆ ಹೇಳಿದ ಅಧ್ಯಯನಗಳು ಆಸ್ಪತ್ರೆಯ ನಿಗಾದಲ್ಲಿ ನಡೆದವು ಎಂಬುದು ನೆನಪಿರಲಿ. ಅಂತಹ ಮಗುವಿಗೆ ತಾಯಿಯ ಎದೆಗೆ ಎದೆ ತಾಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯೇ ಉತ್ತಮ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರದ ಜೊತೆಗೂಡಿ ಈ ಆರೈಕೆಯನ್ನು ಸರಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ನೆಲೆಗೊಳಿಸಿ ತೋರಿಸಿದ್ದಾರೆ.

ಹಿರಿಯರ ಮನಸ್ಸು ನೋಯಿಸದೆ

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಅತ್ತೆಗೆ ಹೇಗೆ ಹೇಳುವುದು? “ನಿಮ್ಮದು ತಪ್ಪು” ಎಂದರೆ ಮನೆಯಲ್ಲಿ ಮುನಿಸು ಖಂಡಿತ. ಅದರ ಬದಲು, “ಅಮ್ಮಿ, ಇವತ್ತು ನಾನೇ ಹಚ್ಚುತ್ತೇನೆ, ನೀವು ಪಕ್ಕದಲ್ಲಿ ಕುಳಿತು ಹೇಳಿಕೊಡಿ” ಎಂದು ನೋಡಿ. ಮಗುವನ್ನು ಹಿಡಿಯುವ, ಪುಸಲಾಯಿಸುವ, ಜೋಗುಳ ಹಾಡುವ ಎಷ್ಟೋ ವಿದ್ಯೆ ಅವರಲ್ಲಿದೆ. ಅದನ್ನು ಗೌರವದಿಂದ ಕಲಿಯಿರಿ. ಮೂಗಿಗೆ ಎಣ್ಣೆಯ ವಿಷಯವನ್ನು ವೈದ್ಯರ ಬಾಯಿಂದಲೇ ಹೇಳಿಸಿ, ಲಸಿಕೆಗೆ ಹೋಗುವಾಗ ಅವರನ್ನೂ ಜೊತೆಗೆ ಕರೆದೊಯ್ಯಿರಿ. ಉಮ್ಮು ಕೈಸ್(ರ)ರ ಘಟನೆಯನ್ನು ಓದಿ ಹೇಳಿ. ಆದರೆ ಒಂದು ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಎಣ್ಣೆಯ ಹನಿ ಮೂಗಿನ ಬಳಿ ಬಂದಾಗ ಮಗುವನ್ನು ಎತ್ತಿಕೊಂಡು ಬಿಡಿ. ಮುನಿಸು ನಾಳೆ ಇಳಿಯುತ್ತದೆ. ಮಗುವಿನ ಶ್ವಾಸಕೋಶಕ್ಕೆ ಇಳಿದ ಎಣ್ಣೆ ಇಳಿದದ್ದೇ.

ಸ್ನಾನ ಮಾಡಿಸುವ ಹೆಂಗಸನ್ನೂ ಬಿಡಿಸಬೇಕಾಗಿಲ್ಲ. ಅವಳ ಜೀವನೋಪಾಯ ಅದು. ಹೇಗೆ ಮಾಡಬೇಕೆಂದು ತಿಳಿಸಿ, ನೀವು ಎದುರಿಗೇ ಕುಳಿತಿರಿ.

ಮಗುವಿನ ತಂದೆಯನ್ನೂ ಇದರಲ್ಲಿ ಸೇರಿಸಿಕೊಳ್ಳಿ. ಪ್ರವಾದಿ(ಸ) ಮೊಮ್ಮಗ ಹಸನ್(ರ)ರನ್ನು ಮುದ್ದಿಸಿದಾಗ, ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತು ಕೊಟ್ಟಿಲ್ಲವೆಂದು ಅಕ್ರಾ ಬಿನ್ ಹಾಬಿಸ್ ಎಂಬವರು ಹೇಳಿದರು. ಕರುಣೆ ತೋರದವನಿಗೆ ಕರುಣೆ ದೊರೆಯದೆಂದು ಪ್ರವಾದಿ(ಸ) ಅವರನ್ನು ಎಚ್ಚರಿಸಿದರು. ರಜಾದಿನದಂದು ತಂದೆಯ ಕೈಯೂ ಆ ಪುಟ್ಟ ಪಾದಗಳನ್ನು ಸವರಲಿ.

ಮಗುವನ್ನು ಮುಟ್ಟಲೂ ಮನಸ್ಸಾಗದಷ್ಟು ದುಃಖ, ನಿದ್ದೆಯಿಲ್ಲದ ರಾತ್ರಿ, ಕಾರಣವಿಲ್ಲದ ಅಳು ಎರಡು ವಾರ ದಾಟಿದರೆ ಅದನ್ನು ನಿಮ್ಮ ದೌರ್ಬಲ್ಯವೆಂದಾಗಲಿ, ಈಮಾನಿನ ಕೊರತೆಯೆಂದಾಗಲಿ ಭಾವಿಸಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಗುವನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆ ಪಡೆಯುವ ತಾಯಿ-ಮಗು ವಿಭಾಗವು 2009ರಲ್ಲಿ ಆರಂಭವಾಗಿದೆ.

ಸಹೋದರಿಯರೇ, ಮಗು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಅದಕ್ಕೆ ಮಾತು ಬಾರದು, ದೂರು ಹೇಳಲು ತಿಳಿಯದು. ನಿಮ್ಮ ಬೆಚ್ಚನೆಯ ಅಂಗೈಯಿಂದಲೇ ಈ ಲೋಕ ಎಂತಹದೆಂದು ಅದು ಮೊದಲು ಅರಿಯುತ್ತದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲ ಬಳಿ ನಿಲ್ಲಬೇಡಿ. ಚಾದರ ಹಾಸಿ, ಬಿಸ್ಮಿಲ್ಲಾಹ್ ಹೇಳಿ ನೀವೇ ಕುಳಿತುಕೊಳ್ಳಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ಕರುಣಿಸಲಿ. ಆಮೀನ್.