ಕೂಲರ್ ದೊಡ್ಡದಿದ್ದರೆ ಗೇರ್‌ಬಾಕ್ಸ್ ಉಳಿಯುತ್ತದೆಯೇ?

ಬೇಸಿಗೆಯಲ್ಲಿ ಜಗಳೂರಿನ ಕೆರೆಯಂಗಳಗಳಲ್ಲಿ ಹೂಳೆತ್ತುವ ಕೆಲಸ ಶುರುವಾದರೆ, ಬೆಳಗ್ಗೆ ಚುರುಕಾಗಿದ್ದ ಜೆಸಿಬಿ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗುವುದುಂಟು. ಮುಂದಿನ ಬಕೆಟ್ಟನ್ನು ಮಣ್ಣಿಗೆ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಚನ್ನಗಿರಿಯ ಅಡಿಕೆ ತೋಟಕ್ಕೆ ಮಣ್ಣು ಹೊಡೆಯುವಲ್ಲೂ ನ್ಯಾಮತಿ ಕಡೆ ಹೊಲ ಸಮ ಮಾಡುವಲ್ಲೂ ಇದೇ ದೂರು. ಗೇರ್‌ಬಾಕ್ಸಿನ ಎಣ್ಣೆ ಮಿತಿ ಮೀರಿ ಕಾದಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಆಗ ಸಿಗುವ ಸಲಹೆಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಕೆಲವನ್ನು ಒರೆಗೆ ಹಚ್ಚಿ ನೋಡೋಣ.

ನಂಬಿಕೆ: ಗೇರ್‌ಬಾಕ್ಸಿಗೆ ಪ್ರತ್ಯೇಕ ಕೂಲರ್ ಬೇಕಾಗುವುದು ರೇಸ್ ಕಾರಿಗೆ ಮಾತ್ರ.

ಸತ್ಯ: ವೇಗಕ್ಕೂ ಈ ಬಿಸಿಗೂ ನೇರ ನಂಟಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಡ್ರ್ಯಾಗ್ ರೇಸ್ (ನೇರ ದಾರಿಯ ಕಿರು ಓಟ) ಕಾರಿನಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ನಮ್ಮ ಜೆಸಿಬಿಯಲ್ಲೂ ಇರುವುದು ಅದೇ. ಅದರೊಳಗೆ ಒಂದು ಚಕ್ರ ಎಣ್ಣೆಯನ್ನು ರಭಸವಾಗಿ ತಳ್ಳುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ಚಕ್ರ ತಿರುಗುತ್ತದೆ. ಇಂಜಿನ್ ತಿರುಗುತ್ತಿದ್ದು ಗಾಡಿ ನಿಂತಲ್ಲೇ ನಿಂತರೆ, ಕನ್ವರ್ಟರಿಗೆ ಬಂದ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗಿ ಬದಲಾಗುತ್ತದೆ. ರೇಸ್ ಕಾರಿನಲ್ಲಿ ಹೀಗಾಗುವುದು ಬ್ರೇಕ್ ಹಿಡಿದು ಹಸಿರು ದೀಪಕ್ಕೆ ಕಾಯುವಾಗ, ಜೆಸಿಬಿಯಲ್ಲಿ ಬಕೆಟ್ ಹೂಳಿಗೆ ಸಿಕ್ಕಿಕೊಂಡಾಗ.

ಲೆಕ್ಕ ಹಾಕಿದರೆ ಇದರ ತೀವ್ರತೆ ತಿಳಿಯುತ್ತದೆ. ಒಂದು ಅಶ್ವಶಕ್ತಿ ಅಂದರೆ 746 ವ್ಯಾಟ್. 40 ಅಶ್ವಶಕ್ತಿ ಹೀಗೆ ಬಿಸಿಯಾದರೆ ಸುಮಾರು 30 ಕಿಲೋವ್ಯಾಟ್. ಬಚ್ಚಲುಮನೆಯಲ್ಲಿ ನೀರು ಕಾಯಿಸುವ 1,000 ವ್ಯಾಟಿನ ಮೂವತ್ತು ಕಾಯಿಲ್‌ಗಳನ್ನು ಒಟ್ಟಿಗೆ ಎಣ್ಣೆಯಲ್ಲಿ ಅದ್ದಿದಂತೆ. 15 ಲೀಟರ್ ಎಣ್ಣೆಯಿದ್ದರೆ ಸೆಕೆಂಡಿಗೆ ಸುಮಾರು 1 ಡಿಗ್ರಿಯಂತೆ ಬಿಸಿ ಏರುತ್ತದೆ. ಅರ್ಧ ನಿಮಿಷ ಹಟ ಹಿಡಿದು ಒತ್ತಿದರೆ 30 ಡಿಗ್ರಿ ಹೆಚ್ಚಿತೆಂದೇ ಲೆಕ್ಕ.

ನಂಬಿಕೆ: ಕೂಲರ್ ದೊಡ್ಡದಾದಷ್ಟೂ ಒಳ್ಳೆಯದು.

ಸತ್ಯ: ಅಳತೆಗಿಂತ ಮೊದಲು ನೋಡಬೇಕಾದದ್ದು ಗಾಳಿ. ಕೂಲರ್ ತಾನಾಗಿ ತಂಪು ಹುಟ್ಟಿಸುವುದಿಲ್ಲ, ಎಣ್ಣೆಯ ಬಿಸಿಯನ್ನು ಗಾಳಿಗೆ ದಾಟಿಸುತ್ತದೆ ಅಷ್ಟೆ. ಗಾಳಿ ಆಡದ ಮೂಲೆಯಲ್ಲಿ ಕೂರಿಸಿದ ದೊಡ್ಡ ಕೂಲರಿಗಿಂತ ಫ್ಯಾನಿನ ಎದುರಿಗಿರುವ ಸಣ್ಣದೇ ಮೇಲು. ಡ್ರ್ಯಾಗ್ ರೇಸಿನ ಕಾಲು ಮೈಲಿ, ಅಂದರೆ 402 ಮೀಟರ್, ವೇಗದ ಕಾರಿಗೆ ಹತ್ತು ಸೆಕೆಂಡಿನ ಆಸುಪಾಸಿನ ಮಾತು. ಅಷ್ಟರಲ್ಲಿ ಕೂಲರ್ ಮಾಡುವುದು ಅಷ್ಟಕ್ಕಷ್ಟೆ. ಒಂದು ಓಟ ಮುಗಿದು ಮುಂದಿನ ಸರದಿಗೆ ಕಾಯುವ ಹೊತ್ತಿನಲ್ಲೇ ಎಣ್ಣೆ ತಣಿಯಬೇಕು, ಆಗ ಎದುರುಗಾಳಿ ಇರುವುದಿಲ್ಲ. ಅದಕ್ಕೇ ಅಂಥ ಕಾರಿಗೆ ತನ್ನದೇ ಎಲೆಕ್ಟ್ರಿಕ್ ಫ್ಯಾನ್ ಇರುವ ಕೂಲರ್ ಆರಿಸುತ್ತಾರೆ. ಹೂಳೆತ್ತುವ ಜೆಸಿಬಿಯೂ ಎದುರುಗಾಳಿಯ ಆಸರೆಯಿಲ್ಲದೆ ನಿಂತಲ್ಲೇ ದುಡಿಯುವ ಯಂತ್ರ.

ಅತಿಯಾಗಿ ತಣ್ಣಗಾಗುವುದೂ ಒಳ್ಳೆಯದಲ್ಲ. ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ 80–95 ಡಿಗ್ರಿಯಲ್ಲಿ ಹದವಾಗಿ ಕೆಲಸ ಮಾಡುತ್ತದೆ. ಬಿಸಿಯೇರದ ಎಣ್ಣೆ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಹಾಗಾಗಿ ತಣ್ಣಗಿನ ಎಣ್ಣೆಯನ್ನು ಕೂಲರಿಗೆ ಕಳಿಸದೆ ಬಳಸುದಾರಿಯಲ್ಲಿ ಬಿಡುವ ಥರ್ಮೋಸ್ಟ್ಯಾಟ್ ಇದ್ದರೆ ಒಳ್ಳೆಯದು.

ನಂಬಿಕೆ: ಹಿಂದಿನ ಬಕೆಟ್‌ನಲ್ಲಿ ಅಗೆದದ್ದಕ್ಕೇ ಗೇರ್‌ಬಾಕ್ಸ್ ಕಾದದ್ದು.

ಸತ್ಯ: ಹಿಂದಿನ ತೋಳಿನಲ್ಲಿ ಗುಂಡಿ ತೆಗೆಯುವಾಗ ಗಾಡಿ ನ್ಯೂಟ್ರಲ್‌ನಲ್ಲಿ, ಕಾಲು ಊರಿ ನಿಂತಿರುತ್ತದೆ. ಆಗ ಕಾಯುವುದು ಮುಖ್ಯವಾಗಿ ಹೈಡ್ರಾಲಿಕ್ ಎಣ್ಣೆ. ಗೇರ್‌ಬಾಕ್ಸಿನ ಎಣ್ಣೆ ಕುದಿಯುವುದು ಮುಂದಿನ ಬಕೆಟ್‌ನಲ್ಲಿ ಗುಡ್ಡೆ ನೂಕುವಾಗ, ಅದರಲ್ಲೂ ಮೇಲಿನ ಗೇರಿನಲ್ಲಿ ನೂಕುವಾಗ. ಕೆಳಗಿನ ಗೇರಿಗೆ ಇಳಿಸಿದರೆ ಕನ್ವರ್ಟರಿನ ಜಾರು ಕಡಿಮೆಯಾಗುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ. ಚಾಲಕನ ಈ ಒಂದು ಅಭ್ಯಾಸ ಎಷ್ಟೋ ಸಲ ಹೊಸ ಕೂಲರಿನ ಖರ್ಚನ್ನೇ ಉಳಿಸುತ್ತದೆ.

ನಂಬಿಕೆ: ಎಣ್ಣೆ ಕಾದರೆ ಏನಾಯಿತು, ಆರಿದ ಮೇಲೆ ಮೊದಲಿನಂತಾಗುತ್ತದೆ.

ಸತ್ಯ: ಆಗುವುದಿಲ್ಲ. ಬಿಸಿ ಪ್ರತಿ 10 ಡಿಗ್ರಿ ಏರಿದಾಗಲೂ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. 90ರಿಂದ 120 ಡಿಗ್ರಿಗೆ ಹೋದರೆ ಎಂಟು ಪಟ್ಟು. ಕೆಟ್ಟ ಎಣ್ಣೆಯಿಂದ ಸೀಲುಗಳು ಗಟ್ಟಿಯಾಗಿ ಒತ್ತಡ ಸೋರುತ್ತದೆ, ಕ್ಲಚ್ ಪ್ಲೇಟುಗಳು ಜಾರಿ ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಸುಟ್ಟ ವಾಸನೆ ಇದ್ದರೆ ಎಣ್ಣೆ ಬದಲಾಯಿಸುವುದಲ್ಲದೆ ಕಾರಣವನ್ನೂ ಹುಡುಕಬೇಕು. ಬೆಳ್ಳಗೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯಿರಿ.

ನಂಬಿಕೆ: ಕೂಲರನ್ನು ವಾಟರ್ ಸರ್ವಿಸ್‌ನಲ್ಲಿ ಜೋರಾಗಿ ಹೊಡೆಸಿದರೆ ಸ್ವಚ್ಛವಾಗುತ್ತದೆ.

ಸತ್ಯ: ಹತ್ತಿರದಿಂದ ಹೊಡೆದ ಜೆಟ್ ನೀರಿಗೆ ತೆಳುವಾದ ಅಲ್ಯುಮಿನಿಯಂ ಫಿನ್‌ಗಳು ಮಡಚಿಕೊಳ್ಳುತ್ತವೆ, ಧೂಳು ಕೆಸರಾಗಿ ಒಳಗೇ ಕೂರುತ್ತದೆ. ಗಾಳಿ ಬರುವ ದಿಕ್ಕಿಗೆ ಎದುರಾಗಿ, ಒಳಗಿನಿಂದ ಹೊರಕ್ಕೆ, ಹದವಾದ ಒತ್ತಡದಲ್ಲಿ ಏರ್ ಹಿಡಿಸುವುದು ಸರಿಯಾದ ಕ್ರಮ.

ಹೊನ್ನಾಳಿಯ ನೀರಾವರಿ ಗದ್ದೆಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಭತ್ತ ಕೊಯ್ಯಲು ಬರುವ ರಬ್ಬರ್ ಪಟ್ಟಿಯ ಯಂತ್ರಗಳಲ್ಲಿ ಹೈಡ್ರೋಸ್ಟ್ಯಾಟಿಕ್ ಚಾಲನೆ ಇರುತ್ತದೆ, ಅಂದರೆ ಎಣ್ಣೆಯ ಒತ್ತಡದಿಂದಲೇ ಗಾಡಿ ನಡೆಯುತ್ತದೆ. ಕೊಯ್ಲಿನ ಹೊಟ್ಟು, ಹುಲ್ಲಿನ ಸೀಳು ಬಂದು ರೇಡಿಯೇಟರಿನ ಜಾಲರಿಗೆ ಹತ್ತಿಕೊಂಡರೆ ನೀರಿನ ಜೊತೆಗೆ ಎಣ್ಣೆಯೂ ಕಾಯುತ್ತದೆ. ದಿನಕ್ಕೊಮ್ಮೆ ಸಾಲದು, ಕೊಯ್ಲಿನ ದಿನಗಳಲ್ಲಿ ಊಟಕ್ಕೆ ನಿಲ್ಲಿಸಿದಾಗಲೂ ಜಾಲರಿ ಕೊಡವಬೇಕು.

ನಂಬಿಕೆ: ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ ಹಳೇ ಕೂಲರನ್ನು ಡೀಸೆಲ್‌ನಲ್ಲಿ ತೊಳೆದು ಹಾಕಿದರೆ ನಡೆಯುತ್ತದೆ.

ಸತ್ಯ: ಕ್ಲಚ್ ಪ್ಲೇಟ್ ಸುಟ್ಟಾಗ, ಬೇರಿಂಗ್ ಪುಡಿಯಾದಾಗ ಆ ಚೂರುಗಳು ಎಣ್ಣೆಯ ಜೊತೆ ಕೂಲರಿನ ಕಿರಿದಾದ ಸಂದುಗಳಲ್ಲಿ ಸೇರಿಕೊಂಡಿರುತ್ತವೆ. ಪ್ಲೇಟ್‌ಗಳನ್ನು ಜೋಡಿಸಿದ ಮಾದರಿಯ ಕೂಲರ್ ಬಿಸಿ ದಾಟಿಸುವುದರಲ್ಲಿ ಮುಂದು, ತೊಳೆಸಿಕೊಳ್ಳುವುದರಲ್ಲಿ ಹಿಂದು. ಎಣ್ಣೆ ಬಿಸಿಯಾಗಿ ಹರಿಯತೊಡಗಿದಾಗ ಉಳಿದ ಚೂರುಗಳು ಹೊರಟು ಹೊಸ ಗೇರ್‌ಬಾಕ್ಸಿಗೇ ಬರುತ್ತವೆ. ದೊಡ್ಡ ರಿಪೇರಿಯಾದರೆ ಕೂಲರನ್ನೂ ಬದಲಾಯಿಸುವುದು ಕ್ಷೇಮ. ಗುಜರಿಯಲ್ಲಿ ಸಿಕ್ಕ ಕೂಲರಿಗೂ ಇದೇ ಮಾತು, ಅದರೊಳಗೆ ಯಾವ ಗಾಡಿಯ ಚೂರಿದೆಯೋ ಹೇಳಲಾಗದು.

ನಂಬಿಕೆ: ಟ್ರ್ಯಾಕ್ಟರಿಗೂ ಒಂದು ಕೂಲರ್ ಹಾಕಿಸಿದರೆ ಕ್ಲಚ್ ಬಾಳುತ್ತದೆ.

ಸತ್ಯ: ನಮ್ಮ ಹೊಲಗಳಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳ ಕ್ಲಚ್ ಒಣ ಕ್ಲಚ್. ಹಾಫ್ ಕ್ಲಚ್ ಹಿಡಿದು ಓಡಿಸಿದ ಬಿಸಿ ಎಣ್ಣೆಗೆ ಬರುವುದೇ ಇಲ್ಲ, ಕೂಲರ್ ಅದಕ್ಕೆ ಮದ್ದಲ್ಲ. ಅಲ್ಲಿ ಜಾಗ್ರತೆ ಬೇಕಾದದ್ದು ಎಣ್ಣೆಯ ಆಯ್ಕೆಯಲ್ಲಿ. ಆಯಿಲ್ ಬ್ರೇಕ್ ಇರುವ ಗಾಡಿಗಳಲ್ಲಿ ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಒಂದೇ ಎಣ್ಣೆ ಇರುವುದು ಸಾಮಾನ್ಯ. ಅದರ ಬದಲು ಮಾಮೂಲಿ 90 ನಂಬರ್ ಗೇರ್ ಆಯಿಲ್ ಸುರಿದರೆ ಬ್ರೇಕ್ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ.

ಇಷ್ಟಾದರೂ ಕೂಲರ್ ಕೊಳ್ಳಲೇಬೇಕಾಗಿ ಬಂದರೆ ಅಂಗಡಿಯಲ್ಲಿ ನಾಲ್ಕು ವಿಷಯ ಕೇಳಿ: ಎಣ್ಣೆಯ ಪೈಪಿನ ಒಳ ಅಳತೆ ನಿಮ್ಮ ಗಾಡಿಯದಕ್ಕಿಂತ ಕಿರಿದಾಗಿಲ್ಲವೇ? ಫ್ಯಾನ್ ಯಾವ ಕಡೆಯಿಂದ ಗಾಳಿ ಎಳೆಯುತ್ತದೆ? ಕೂಲರ್ ಎಷ್ಟು ಒತ್ತಡ ತಾಳುತ್ತದೆ? ಕೊಡುತ್ತಿರುವುದು ಬಿಸಿ ಎಣ್ಣೆಗೆಂದೇ ತಯಾರಾದ ಹೋಸೇ? ನೀರಿನ ಪೈಪನ್ನು ಕ್ಲಿಪ್ಪು ಬಿಗಿದು ಕೊಟ್ಟರೆ ಬೇಡವೆನ್ನಿ, ಅದು ಬಿಟ್ಟುಕೊಂಡರೆ ಗೇರ್‌ಬಾಕ್ಸ್ ಬರಿದಾಗಲು ಹೆಚ್ಚು ಹೊತ್ತು ಬೇಡ. ಎಲ್ಲಕ್ಕಿಂತ ಮೊದಲು ಎಣ್ಣೆಯ ಬಿಸಿ ತೋರಿಸುವ ಮೀಟರ್ ಹಾಕಿಸಿ, ಒಂದು ದಿನದ ಕೆಲಸದಲ್ಲಿ ಅದು ಎಲ್ಲಿಗೆ ಏರುತ್ತದೆ ನೋಡಿ. ಮೀಟರ್ ಮೊದಲು, ಜಾಲರಿಯ ಶುಚಿ ಆಮೇಲೆ, ಹೊಸ ಕೂಲರಿನ ಮಾತು ಕೊನೆಗೆ.