ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ: ಕಾರಣವೇನು?



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅನೇಕ ಕೊಟ್ಟಿಗೆಗಳಲ್ಲಿ ಮೇವು ಕತ್ತರಿಸುವ ಮತ್ತು ಹಾಲು ಕರೆಯುವ ಯಂತ್ರಗಳಿವೆ. ಸಿಂಗಲ್ ಫೇಸ್ ಮೋಟಾರು ನಿಂತಲ್ಲಿಂದ ತಿರುಗಲು ಸಾಮಾನ್ಯವಾಗಿ ಕೆಪಾಸಿಟರಿನ ಸಹಾಯ ಬೇಕು. ಇದನ್ನೇ ಹಲವರು ಕಂಡೆನ್ಸರ್ ಎನ್ನುತ್ತಾರೆ. ಮನೆಯ ಸೀಲಿಂಗ್ ಫ್ಯಾನಿನಲ್ಲಿರುವುದೂ ಇದೇ. ತ್ರೀ ಫೇಸ್ ಮೋಟಾರಿಗೆ ಇದರ ಅಗತ್ಯವಿಲ್ಲ.

ಇದು ಎಲ್ಲಿರುತ್ತದೆ? ಬಹುಪಾಲು ಮೋಟಾರಿನ ಬೆನ್ನ ಮೇಲೆ ಗೂನಿನಂತೆ ಉಬ್ಬಿದ ಮುಚ್ಚಳದ ಒಳಗೆ. ಇಲ್ಲವಾದರೆ ತಂತಿ ಜೋಡಿಸುವ ಪೆಟ್ಟಿಗೆಯಲ್ಲಿ. ಸಂಘದ ಹಾಲು ಶೀತಲೀಕರಣ ಯಂತ್ರದ ಫ್ಯಾನಿಗೆ ಕೆಪಾಸಿಟರ್ ಇದ್ದರೆ ಅದು ಫ್ಯಾನಿನ ಬಳಿ ಅಥವಾ ಕಂಟ್ರೋಲ್ ಪೆಟ್ಟಿಗೆಯಲ್ಲಿರುತ್ತದೆ. ಆ ಫ್ಯಾನು ನಿಂತರೆ ಕಂಪ್ರೆಸರ್ ಕಾದು ನಿಲ್ಲುತ್ತದೆ. ಹಾಲು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯದೆ, ಬ್ಯಾಕ್ಟೀರಿಯಾಗಳು ಹೆಚ್ಚಿ, ಊರಿನವರೆಲ್ಲರ ಹಾಲೂ ಕೆಡುತ್ತದೆ. ಕೂಡಲೇ ಕಾರ್ಯದರ್ಶಿಗೆ ತಿಳಿಸಿ.

ಮೋಟಾರು ಬರಿದೇ ಗುಂಯ್‌ಗುಟ್ಟಿದರೆ ಹೀಗೆ ಮಾಡಿ:

1. ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಬಿಟ್ಟರೆ ವೈಂಡಿಂಗ್ ಸುಡುತ್ತದೆ.

2. ಚಕ್ರವನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಡಿ. ಮೇವಿನ ಯಂತ್ರ ಹಠಾತ್ತನೆ ತಿರುಗಿ ಬೆರಳು ಕತ್ತರಿಸೀತು.

3. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಮುಚ್ಚಳ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಇರಲಿ.

4. ಹೊಸದು ಹಳೆಯದರಷ್ಟೇ ಮೈಕ್ರೋಫ್ಯಾರಡ್‌ನದಾಗಿರಲಿ, ವೋಲ್ಟ್ ಕಡಿಮೆಯಿರಬಾರದು.

ಬೇರಿಂಗ್ ಬಿಗಿದಿದ್ದರೂ, ವೋಲ್ಟೇಜ್ ಇಳಿದಿದ್ದರೂ ಇದೇ ಸದ್ದು ಬರುತ್ತದೆ. ಆದ್ದರಿಂದ ಪರೀಕ್ಷಿಸಿದ ನಂತರವೇ ಬದಲಿಸಿ. ಚಿಕ್ಕ ಬಿಡಿಭಾಗದ ಸಲುವಾಗಿ ಮೋಟಾರನ್ನಾಗಲೀ, ಬೆರಳನ್ನಾಗಲೀ ಕಳೆದುಕೊಳ್ಳಬೇಡಿ.