ಡ್ರೈವ್-ಥ್ರೂ ಹೋಟೆಲ್‌ಗೆ ಅನುಮತಿ: ಕಡತದಲ್ಲಿ ನೋಡಬೇಕಾದ್ದು ಏನು?

ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟ ಕಾರುಗಳು ತಿಂಡಿಗೆಂದು ನಿಲ್ಲುವುದು ಹೆಚ್ಚಾಗಿ ಬಿಡದಿ, ರಾಮನಗರ, ಚನ್ನಪಟ್ಟಣದ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿ ರಸ್ತೆ ಬದಿಯ ಜಮೀನಿನಲ್ಲಿ ಹೋಟೆಲಿಗೆ ಅನುಮತಿ ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಅಂಥವರಲ್ಲೊಬ್ಬರು ಡ್ರೈವ್-ಥ್ರೂ (ಗಿರಾಕಿ ಕಾರಿನಿಂದ ಇಳಿಯದೆ ಒಂದು ಕಿಟಕಿಯಲ್ಲಿ ಹೇಳಿ, ಹಣ ಕೊಟ್ಟು, ಮುಂದಿನ ಕಿಟಕಿಯಲ್ಲಿ ಪೊಟ್ಟಣ ತೆಗೆದುಕೊಂಡು ಹೋಗುವ ವ್ಯವಸ್ಥೆ) ಮಾಡುತ್ತೇನೆ ಅಂದರೆ ಕಡತ ಎಲ್ಲೆಲ್ಲಿ ಓಡಾಡುತ್ತದೆ? ಊರಿನವರು ಯಾವ ಹಂತದಲ್ಲಿ ಮಾತಾಡಬಹುದು?

ಮೊದಲ ಪ್ರಶ್ನೆ ಜಮೀನಿನದು. ಪಹಣಿಯಲ್ಲಿ ಕೃಷಿ ಎಂದಿದ್ದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆಯ ವಿಚಾರ ಬರುತ್ತದೆ. ಅದು ಜಿಲ್ಲಾಧಿಕಾರಿಗಳ ಕಚೇರಿಯ ಕೆಲಸ. ಎರಡನೆಯದು ಮಹಾಯೋಜನೆ. ಆ ಸರ್ವೆ ನಂಬರ್ ವಾಣಿಜ್ಯ ವಲಯದಲ್ಲಿದೆಯೋ, ವಸತಿಯಲ್ಲೋ, ಹಸಿರು ವಲಯದಲ್ಲೋ ಎಂದು ಹೇಳುವುದು ಯೋಜನಾ ಪ್ರಾಧಿಕಾರ. ರಾಮನಗರ ಮತ್ತು ಚನ್ನಪಟ್ಟಣಕ್ಕೆ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಕನಕಪುರ, ಮಾಗಡಿಗಳಿಗೆ ತಮ್ಮವೇ ಯೋಜನಾ ಪ್ರಾಧಿಕಾರಗಳಿವೆ. ವಲಯ ಹೊಂದದಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಭೂ ಉಪಯೋಗ ಬದಲಾವಣೆ ಕೇಳಬೇಕು. ಈ ಕಲಮನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಮೂರನೆಯದು ರಸ್ತೆಯೊಡೆಯರ ಒಪ್ಪಿಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಒಂದೇ ರೀತಿ ಇಲ್ಲ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 275, ಪ್ರವೇಶ ನಿಯಂತ್ರಿತ ರಸ್ತೆ. ಅದರ ಮುಖ್ಯ ಪಥಕ್ಕೆ ಯಾವ ಹೋಟೆಲೂ ತನ್ನಿಷ್ಟದಂತೆ ಗೇಟು ತೆರೆಯುವಂತಿಲ್ಲ. ಬಾಗಿಲು ಸರ್ವಿಸ್ ರಸ್ತೆಗೆ, ಇಲ್ಲವೇ ಊರೊಳಗಿನ ಹಳೆಯ ಹೆದ್ದಾರಿಗೆ ತೆರೆಯಬೇಕು. ಹೆದ್ದಾರಿಗೆ ಸಂಪರ್ಕ ಬೇಕಿದ್ದರೆ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಹೆದ್ದಾರಿ ಆಡಳಿತದ ಅನುಮತಿ ಕಡ್ಡಾಯ. ಕನಕಪುರದ ಮೂಲಕ ಕೊಳ್ಳೇಗಾಲದ ಕಡೆ ಹೋಗುವ 948ಕ್ಕೂ ಇದೇ ಕಾಯ್ದೆ. ಮಾಗಡಿ ರಸ್ತೆ ರಾಜ್ಯ ಹೆದ್ದಾರಿ. ಅಲ್ಲಿ ಲೋಕೋಪಯೋಗಿ ಇಲಾಖೆಯನ್ನು ಕೇಳಬೇಕು. ಊರ ಹೊರಗಿನ ಬಯಲು ಹೆದ್ದಾರಿಯಲ್ಲಿ ರಸ್ತೆಯ ನಡುಗೆರೆಯಿಂದ 40 ಮೀಟರ್ ಒಳಗೆ ಕಟ್ಟಡ ಕೂಡದು ಎನ್ನುವುದು ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡ.

ಉಳಿದವು ಎಲ್ಲ ಹೋಟೆಲಿಗೂ ಬೇಕಾದವೇ: ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿ, ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್, ಕೊಳಚೆ ನೀರಿನ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿ. ರಾಮದೇವರ ಬೆಟ್ಟದ ಸುತ್ತಲಿನ ಜಮೀನಾದರೆ ಇನ್ನೊಂದು ಪ್ರಶ್ನೆಯೂ ಇದೆ. 2012ರಲ್ಲಿ ರಣಹದ್ದು ಧಾಮವಾದ ಆ ಬೆಟ್ಟಕ್ಕೆ ಪರಿಸರ ಸೂಕ್ಷ್ಮ ವಲಯವಿದೆ. ಅರಣ್ಯ ಇಲಾಖೆಯನ್ನು ಕೇಳದೆ ಮುಂದುವರಿಯಬಾರದು.

ಇಷ್ಟೆಲ್ಲ ಪರಿಶೀಲನೆಯಲ್ಲಿ ತಪ್ಪಿಹೋಗುವ ಅಪಾಯವಿರುವುದು ಕಾರಿನ ಸಾಲು. ಸಾಧಾರಣ ಹೋಟೆಲಿಗೆ ಪಾರ್ಕಿಂಗ್ ಜಾಗ ಎಷ್ಟು ಎಂದು ಕೇಳಿದರೆ ಸಾಕು. ಡ್ರೈವ್-ಥ್ರೂನಲ್ಲಿ ಕಾರು ನಿಲ್ಲುವುದು ಪಾರ್ಕಿಂಗ್‌ನಲ್ಲಲ್ಲ, ಸಾಲಿನಲ್ಲಿ. ಲೆಕ್ಕ ಹಾಕಿ ನೋಡಿ. ಕಿಟಕಿಯಲ್ಲಿ ಕಾರಿಗೆ 2 ನಿಮಿಷ ಹಿಡಿದರೆ ಗಂಟೆಗೆ 30 ಕಾರು ದಾಟುತ್ತವೆ. ಬರುವವು 40 ಆದರೆ ಗಂಟೆಯ ಕೊನೆಗೆ 10 ಕಾರು ಉಳಿಯುತ್ತವೆ. ನಡುವಿನ ಜಾಗ ಸೇರಿ ಕಾರಿಗೆ 6 ಮೀಟರ್ ಎಂದರೆ 60 ಮೀಟರ್ ಸಾಲು. ಅದೇ ರಭಸ ಇನ್ನೊಂದು ಗಂಟೆ ಇದ್ದರೆ 120 ಮೀಟರ್. ಇದು ಬರ್ಗರಿನ ಲೆಕ್ಕ. ಮಸಾಲೆ ದೋಸೆ ಹುಯ್ದು ಕೊಡುವ ಕಿಟಕಿಯಲ್ಲಿ ಕಾರಿಗೆ 4 ನಿಮಿಷವಾದರೆ ದಾಟುವವು ಗಂಟೆಗೆ 15 ಮಾತ್ರ. ಆದ್ದರಿಂದ ವಿದೇಶದ ಯಾವುದೋ ನಕ್ಷೆಯನ್ನು ತಂದು ಅದಕ್ಕೇ ನಮ್ಮ ತಿಂಡಿಯ ಪಟ್ಟಿ ಅಂಟಿಸಿದರೆ ಒಪ್ಪಬಾರದು. ಲೆಕ್ಕವನ್ನು ವಾರದ ನಡುವಿನ ಮಧ್ಯಾಹ್ನಕ್ಕೆ ಹಾಕಿದರೂ ಒಪ್ಪಬಾರದು. ಶನಿವಾರದ ಬೆಳಿಗ್ಗೆಗೆ, ಭಾನುವಾರದ ಸಂಜೆಗೆ ಹಾಕಬೇಕು.

ಕಾಂಪೌಂಡಿನೊಳಗೆ ಹಿಡಿಸದ ಸಾಲು ಸರ್ವಿಸ್ ರಸ್ತೆಗೆ ಬರುತ್ತದೆ. ಆ ರಸ್ತೆಯಲ್ಲಿ ಇರುವವರು ಯಾರು? 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥ ಬಂದ್ ಆಗಿದೆ. ಪಕ್ಕದ ಹಳ್ಳಿಯ ಮಕ್ಕಳು ಶಾಲೆಗೆ, ರೈತರು ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ತುಂಬಿಕೊಂಡು ಹೋಗುವುದಕ್ಕೆ ಉಳಿದಿರುವ ದಾರಿ ಅದೇ. ಹರಾಜಿನ ಹೊತ್ತಿಗೆ ಗೂಡು ತಲುಪಲೇಬೇಕು. ಕಾರಿನಲ್ಲಿ ಕೂತವರ ಅನುಕೂಲಕ್ಕೆ ಆ ರೈತ ಕಾಯಬೇಕಾದರೆ ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮೆಕ್‌ಡೊನಾಲ್ಡ್ಸ್ 1975ರಲ್ಲಿ ಅಮೆರಿಕದ ಅರಿಝೋನಾದಲ್ಲಿ ತನ್ನ ಮೊದಲ ಡ್ರೈವ್-ಥ್ರೂ ಕಿಟಕಿ ತೆರೆದದ್ದು, ಕರ್ತವ್ಯದ ಸಮವಸ್ತ್ರದಲ್ಲಿ ಕಾರಿನಿಂದ ಇಳಿಯುವಂತಿರದ ಸೈನಿಕರಿಗಾಗಿ. ಅದೇ ದೇಶದ ಮಿನಿಯಾಪೊಲಿಸ್ ನಗರ 2019ರಲ್ಲಿ ಹೊಸ ಡ್ರೈವ್-ಥ್ರೂಗಳನ್ನು ನಿಷೇಧಿಸಿತು. ನಮ್ಮಲ್ಲಿ ನಿಷೇಧದ ಅಗತ್ಯ ನನಗೆ ಕಾಣುವುದಿಲ್ಲ. ಸಾಲು ಪೂರ್ತಿ ಒಳಗೇ ನಿಲ್ಲಬೇಕು, ಒಳಬರುವ ಮತ್ತು ಹೊರಹೋಗುವ ಗೇಟುಗಳು ಬೇರೆಯಾಗಿರಬೇಕು, ಜಂಕ್ಷನ್‌ನಿಂದ ದೂರವಿರಬೇಕು, ಚರಂಡಿಯ ಮೇಲೆ ಮಣ್ಣು ಸುರಿದು ದಾರಿ ಮಾಡಬಾರದು: ಇವು ನಕ್ಷೆ ಮಂಜೂರಾತಿಯಲ್ಲೇ ಷರತ್ತಾಗಿ ಬರೆದಿರಬೇಕು. ಕಾಂಪೌಂಡ್ ಎದ್ದ ಮೇಲೆ ಸಾಲಿಗೆ ಜಾಗ ಹುಟ್ಟಿಸಲಾಗದು.

ಈಗ 14-ಎ ಕಲಮಿಗೆ ಬರೋಣ. ಭೂ ಉಪಯೋಗ ಬದಲಾವಣೆಯ ಪ್ರಸ್ತಾವವನ್ನು ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ಒಳಪುಟದ ಸಣ್ಣ ಅಕ್ಷರದ ಆ ಪ್ರಕಟಣೆಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್ ನೋಡಿ. ಜಾಗ ಮೊದಲೇ ವಾಣಿಜ್ಯ ವಲಯದಲ್ಲಿದ್ದರೆ ಈ ಪ್ರಕಟಣೆ ಬರುವುದಿಲ್ಲ. ಆಗ ಪ್ರಾಧಿಕಾರಕ್ಕೆ ನೇರವಾಗಿ ಬರೆಯಬೇಕು, ನಕ್ಷೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬೇಕು. ಪತ್ರದಲ್ಲಿ "ಹೋಟೆಲ್ ಬೇಡ" ಎಂದಷ್ಟೇ ಬರೆದರೆ ಉತ್ತರಿಸುವುದು ಅಧಿಕಾರಿಗೆ ಸುಲಭ. ವಾರಾಂತ್ಯದಲ್ಲಿ ಗಂಟೆಗೆ ಎಷ್ಟು ಕಾರು ನಿರೀಕ್ಷೆ, ಒಳಗೆ ಎಷ್ಟು ಮೀಟರ್ ಸಾಲಿಗೆ ಜಾಗ, ಉಕ್ಕಿದರೆ ಹೊಣೆ ಯಾರದು ಎಂದು ಕೇಳಿ. ಕಚೇರಿಯಲ್ಲಿ ಕೊಟ್ಟ ಪತ್ರಕ್ಕೆ ತಾರೀಖು, ಮೊಹರು ಇರುವ ಸ್ವೀಕೃತಿ ಪಡೆಯದೆ ಬರಬೇಡಿ.